ಫೀಲ್ಡ್ ಬಯಾಲಜಿಗೆ ಅರೆಕಾಲಿಕ ಉಪನ್ಯಾಸಕರನ್ನು ಹುಡುಕಿದ್ದು ಹೀಗೆ

ನಾನು ಮಲೆನಾಡಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗ ನೋಡಿಕೊಳ್ಳುತ್ತೇನೆ. ಬಿಎಸ್ಸಿ ಮಕ್ಕಳಿಗೆ ಫೀಲ್ಡ್ ಬಯಾಲಜಿ, ಅಂದರೆ ಜೀವಿಗಳನ್ನು ಅವು ಇರುವ ಜಾಗದಲ್ಲೇ ನೋಡಿ ಕಲಿಯುವ ವಿಷಯ, ಹೇಳಿಕೊಡಲು ಅರೆಕಾಲಿಕ ಉಪನ್ಯಾಸಕರು ಬೇಕಿತ್ತು. 2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಡಿಸೆಕ್ಷನ್, ಅಂದರೆ ಪ್ರಾಣಿಗಳನ್ನು ಕೊಯ್ದು ನೋಡುವುದನ್ನು, ನಿಲ್ಲಿಸಿತು. ಒಳ್ಳೆಯದೇ ಆಯಿತು, ಆದರೆ ಆ ಜಾಗಕ್ಕೆ ಬಹಳ ಕಡೆ ಬಂದದ್ದು ಚಾರ್ಟು ಮತ್ತು ಮಾಡೆಲ್ಲು. ಕಾಲೇಜಿನ ಹಿಂದೆಯೇ ಹಳ್ಳ ಹರಿಯುತ್ತಿರುವಾಗ ನಮ್ಮ ಮಕ್ಕಳು ಕಪ್ಪೆಯನ್ನು ಚಾರ್ಟಿನಲ್ಲಿ ನೋಡಿ ಪಾಸಾಗಬಾರದು ಅನ್ನೋದು ನನ್ನ ಹಟ. ಹಾಗಾಗಿ ಈ ನೇಮಕಕ್ಕೆ ಜಾಸ್ತಿಯೇ ತಲೆ ಕೆಡಿಸಿಕೊಂಡೆ.

ಮೊದಲು ದುಡ್ಡಿನ ಮಾತು ಮುಗಿಸಿಕೊಂಡೆ, ಜಾಹೀರಾತು ಆಮೇಲೆ. 2019ರ ಯುಜಿಸಿ ಮಾರ್ಗಸೂಚಿಯಲ್ಲಿ ಅತಿಥಿ ಉಪನ್ಯಾಸಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಅಂತಿದೆ. ನಮ್ಮಂಥ ಕಾಲೇಜುಗಳ ಕೈಗೆ ಅದು ಎಟುಕುವುದಿಲ್ಲ. ನಾವು ಕೊಡುವ ಮೊತ್ತ ಕಡಿಮೆ ಅನ್ನೋದಕ್ಕಿಂತ ದೊಡ್ಡ ತೊಂದರೆ ಗಂಟೆ ಲೆಕ್ಕದ್ದು. ನಮ್ಮಲ್ಲಿ ಎರಡು ಗಂಟೆ ಪ್ರಾಕ್ಟಿಕಲ್ ಅಂದರೆ ಒಂದು ಗಂಟೆ ಪಾಠಕ್ಕೆ ಸಮ. ಹಕ್ಕಿ ನೋಡಿಸಬೇಕು ಅಂದರೆ ಬೆಳಗಿನ ಜಾವವೇ ಹೊರಡಬೇಕು, ಕಪ್ಪೆಗೆ ರಾತ್ರಿ ಹೋಗಬೇಕು, ಅದರ ಹಿಂದಿನ ದಿನ ಒಬ್ಬರೇ ಹೋಗಿ ದಾರಿ ನೋಡಿಕೊಂಡು ಬರಬೇಕು, ಟೈಮ್‌ಟೇಬಲ್‌ನಲ್ಲಿ ಇದ್ಯಾವುದಕ್ಕೂ ಜಾಗವೇ ಇಲ್ಲ. ಇಷ್ಟೆಲ್ಲ ದುಡಿದವರ ಕೈಗೆ ಎರಡು ಪಾಠದ ದುಡ್ಡಿಟ್ಟರೆ ಮುಂದಿನ ತಿಂಗಳಿಂದ ಅವರೂ ಬೋರ್ಡಿನ ಮೇಲೆ ಬರೆದು ಮುಗಿಸುತ್ತಾರೆ. ಅವರದ್ದು ತಪ್ಪು ಅನ್ನೋಕಾಗುತ್ತಾ?

ಆಡಳಿತ ಮಂಡಳಿಯ ಮುಂದೆ ನಾನಿಟ್ಟದ್ದು ಇಷ್ಟು: ಫೀಲ್ಡಿಗೆ ಹೋದ ದಿನಕ್ಕೆ ಇಡೀ ದಿನದ ಸಂಬಳ, ದಾರಿ ನೋಡಿ ಬರುವುದಕ್ಕೆ ಅರ್ಧ ದಿನದ್ದು, ಜೀಪಿನ ಬಾಡಿಗೆ ವಿಭಾಗದ್ದು. ಸ್ಪೆಸಿಮೆನ್ನು, ಕೆಮಿಕಲ್ಲು ಅಂತ ಎತ್ತಿಟ್ಟ ಹಣ ಪ್ರತಿ ವರ್ಷ ಉಳಿಯುತ್ತಿತ್ತು, ಅದನ್ನೇ ಇತ್ತ ತಿರುಗಿಸಿ ಅಂದೆ. ಒಪ್ಪಿದರು. ಬಾಯಿಮಾತಿಗೆ ಬಿಡದೆ ಆದೇಶ ಪತ್ರದಲ್ಲೇ ಬರೆಸಿದೆ. ಸರ್ಕಾರಿ ಕಾಲೇಜಿನವರಿಗೆ ಈ ಸ್ವಾತಂತ್ರ್ಯ ಇರುವುದಿಲ್ಲ, ಅಲ್ಲಿ ಅತಿಥಿ ಉಪನ್ಯಾಸಕರ ಆಯ್ಕೆ ಆನ್‌ಲೈನ್ ಕೌನ್ಸೆಲಿಂಗ್‌ನಲ್ಲಿ ಆಗುತ್ತದೆ.

ಅರ್ಹತೆಯ ವಿಚಾರ ಸ್ವಲ್ಪ ಸಂಕಟದ್ದು. ಎಂಎಸ್ಸಿಯಲ್ಲಿ 55 ಪರ್ಸೆಂಟ್, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸು, ಇಲ್ಲವೇ ಪಿಎಚ್‌ಡಿ ಬೇಕು. ನಮ್ಮ ಸುತ್ತ ಕಾಡನ್ನು ಚೆನ್ನಾಗಿ ಬಲ್ಲವರು ಅಡಿಕೆ ತೋಟದವರು, ಜೇನು ತೆಗೆಯುವವರು. ಅವರ ಬಳಿ ಈ ಕಾಗದಗಳಿಲ್ಲ. ಯುಜಿಸಿ 2022ರಲ್ಲಿ ಕೆಲಸದ ಅನುಭವ ಇರುವವರನ್ನು ಪಾಠಕ್ಕೆ ಕರೆಯಲು ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ತಂದಿತು, ಅದಕ್ಕೆ ಡಿಗ್ರಿ ಬೇಕೇಬೇಕು ಅಂತಿಲ್ಲ, ಆದರೆ 15 ವರ್ಷದ ವೃತ್ತಿ ಅನುಭವ ಮತ್ತು ಹಿರಿಯ ಹುದ್ದೆ ಕೇಳುತ್ತದೆ. ತೋಟದ ಹಿರಿಯರೊಬ್ಬರನ್ನು ಅದರಲ್ಲಿ ತೂರಿಸುವುದು ಆಗದ ಮಾತು. ಹಾಗಾಗಿ ಉಪನ್ಯಾಸಕರನ್ನು ನಿಯಮದ ಪ್ರಕಾರವೇ ತೆಗೆದುಕೊಂಡು, ಪ್ರತಿ ಸುತ್ತಾಟಕ್ಕೂ ಊರಿನವರೊಬ್ಬರನ್ನು ದಿನಗೂಲಿ ಕೊಟ್ಟು ಕರೆದೊಯ್ಯುವುದು ಅಂತ ಮಾಡಿದೆವು.

ಇಂಟರ್‌ವ್ಯೂ ಜೂನ್ ಕೊನೆಯಲ್ಲಿ, ಜಿಟಿಜಿಟಿ ಮಳೆಯಲ್ಲಿ. ತರಗತಿಯಲ್ಲಿ ಡೆಮೊ ಬೇಡ ಅಂದೆ. ಪ್ರತಿಯೊಬ್ಬರಿಗೂ ಕೆಲವು ಮಕ್ಕಳನ್ನು ಒಪ್ಪಿಸಿ, ಹಿಂದಿನ ಹಳ್ಳದಗುಂಟ ಕರೆದುಕೊಂಡು ಹೋಗಿ ಅಂದೆ. ನಾನು ಹಿಂದೆ ಸುಮ್ನೆ ನಡೆದೆ. ಒಬ್ಬರು ಕಂಡ ಹಕ್ಕಿಗಳ ಹೆಸರನ್ನೆಲ್ಲ ಪಟಪಟನೆ ಹೇಳಿದರು. ಒಂದೂ ತಪ್ಪಿರಲಿಲ್ಲ, ಮಕ್ಕಳು ಬರೆದುಕೊಂಡರು, ಅಷ್ಟೇ.

ಇನ್ನೊಬ್ಬರು, ಈಗ ನಮ್ಮಲ್ಲಿ ಪಾಠ ಮಾಡುತ್ತಿರುವ ಮೇಡಂ, ಹೊರಡುವ ಮೊದಲೇ "ಸರ್, ಹಾವಿನ ಔಷಧಿ ಇರೋ ಆಸ್ಪತ್ರೆ ಹತ್ತಿರದಲ್ಲಿ ಯಾವುದು?" ಅಂತ ಕೇಳಿದರು. ಆಮೇಲೆ ಗುಂಡಿಯ ಮೇಲೆ ಬಾಗಿದ್ದ ಕೊಂಬೆಯ ಹತ್ತಿರ ನಿಂತರು. ಎಲೆಗೆ ಬಿಳಿ ನೊರೆಯ ಮುದ್ದೆ ಅಂಟಿಕೊಂಡಿತ್ತು. ಯಾರೋ ಸೋಪಿನ ನೊರೆ ಅಂದರು. ಮೇಡಂ ಹೆಸರು ಹೇಳಲಿಲ್ಲ. "ಇದರ ನೇರ ಕೆಳಗೆ ಏನಿದೆ ನೋಡಿ" ಅಂದರು. ನೀರು. "ಒಳಗಿರೋದು ಜಾರಿ ಬಿದ್ದರೆ?" ಒಂದು ಹುಡುಗಿ ತಡೆದು ತಡೆದು, "ಮೊಟ್ಟೆನಾ ಮೇಡಂ? ಮರಿಗಳು ನೀರಿಗೇ ಬೀಳ್ತವೆ" ಅಂದಳು. ಆಗ ಹಾರುವ ಕಪ್ಪೆಯ ವಿಷಯ ಬಂತು. ಹೆಣ್ಣು ಕಪ್ಪೆ ಹಿಂಗಾಲಿನಿಂದ ಕಡೆದು ಈ ನೊರೆ ಮಾಡುತ್ತದೆ, ಮೇಲೆ ಒಣಗಿದರೂ ಒಳಗೆ ಹಸಿ ಇರುತ್ತದೆ. ಮುಟ್ಟಲು ಹೋದ ಹುಡುಗನಿಗೆ ಬೇಡ ಅಂದರು. ಮುಂದೆ ಸಣ್ಣ ಕಪ್ಪೆಯೊಂದು ಸಿಕ್ಕಾಗ, ಹಿಡಿಯುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಸೊಳ್ಳೆ ಕ್ರೀಮ್ ಹಚ್ಚಿದವರು ಮುಟ್ಟಲೇಬೇಡಿ, ಅದರ ಚರ್ಮಕ್ಕೆ ಇಳಿಯುತ್ತದೆ ಅಂತ ತಿಳಿಹೇಳಿದರು. ನನ್ನ ತೀರ್ಮಾನ ಅಲ್ಲೇ ಆಯಿತು.

ಆಸ್ಪತ್ರೆ ಕೇಳಿದ್ದು ಯಾಕೆ ದೊಡ್ಡದು ಅಂದರೆ, ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಹಳ್ಳದ ಬದಿ ಕೂತಿರುವ ಗುಳಿಮಂಡಲದ ವಿಷ ಆ ಪಟ್ಟಿಯಲ್ಲಿಲ್ಲ. ಇನ್ನು ಬೇಸಿಗೆಯಲ್ಲಿ ಉಣುಗಿನ ಕಾಟ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ನವೆಂಬರ್‌ನಿಂದ ಮೇವರೆಗೆ ಕಾಡಿನೊಳಗಿನ ಕೆಲಸ ಕಡಿಮೆ ಮಾಡಿ, ಕೆರೆ ಮತ್ತು ಗದ್ದೆ ಬಯಲಿನ ಹಕ್ಕಿಗಳ ಕಡೆ ಹೋಗುತ್ತೇವೆ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡೇ.

ಅಭಯಾರಣ್ಯಕ್ಕೆ ಹೋಗಬೇಕಾದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಪತ್ರ ಓಡಾಡಿ ತರುವ ಕೆಲಸ ಕಾಲೇಜಿನದ್ದು, ಅರೆಕಾಲಿಕ ಉಪನ್ಯಾಸಕರ ತಲೆಗೆ ಕಟ್ಟಬಾರದು. ನಮ್ಮ ಹೆಚ್ಚಿನ ಕೆಲಸ ಸೊಪ್ಪಿನ ಬೆಟ್ಟ, ತೋಟದ ಅಂಚು, ಕೆರೆ ಏರಿ ಇಲ್ಲೇ ಮುಗಿಯುತ್ತದೆ. ಕ್ವಾಡ್ರಾಟ್, ಅಂದರೆ ಒಳಗಿನ ಜೀವಿಗಳನ್ನು ಎಣಿಸಲು ಗುರುತು ಮಾಡುವ ಚೌಕ, ಹಾಕೋಕೆ ಹಗ್ಗ, ನಾಲ್ಕು ಗೂಟ ಸಾಕು.

ಒಂದು ವಿಷಯ ಮಾತ್ರ ಇನ್ನೂ ಸರಿಯಾಗಿಲ್ಲ. ಆದೇಶ ಪತ್ರ ಸೆಮಿಸ್ಟರ್ ಶುರುವಾದ ಮೇಲೆ ಬರುತ್ತದೆ, ಅಷ್ಟರಲ್ಲಿ ಆಗಸ್ಟ್. ಮುಂಗಾರು ಹಿಡಿದ ಮೊದಲ ವಾರಗಳಲ್ಲಿ ಇರುವ ಕಪ್ಪೆಗಳ ಗದ್ದಲ ಆಗ ಎಲ್ಲಿ ಸಿಗುತ್ತದೆ? ಈ ಸಲ ಮೇ ಕೊನೆಗೇ ಆದೇಶ ಕೊಡಿ ಅಂತ ಅರ್ಜಿ ಹಾಕಿದ್ದೇನೆ. ಮಳೆಗೆ ಮೊದಲು ಹಳ್ಳದ ಬದಿ ಟ್ರಾನ್ಸೆಕ್ಟ್, ಅಂದರೆ ಎಣಿಸುತ್ತಾ ನಡೆಯುವ ಗೆರೆ, ಗುರುತು ಹಾಕಿಡಬೇಕು ಅಂತ ಮೇಡಂ ಕೇಳಿದ್ದಾರೆ, ಆ ದಿನಗಳ ಸಂಬಳವನ್ನೂ ಅದೇ ಅರ್ಜಿಯಲ್ಲಿ ಸೇರಿಸಿದ್ದೇನೆ.