ಏಲಕ್ಕಿ ಕಟ್ಟೆ ರೋಗಕ್ಕೆ ಬೇವಿನ ಬೀಜ: ನಾನು ಮಾಡುವ ರೀತಿ

ಬೇವಿನ ಬೀಜದ ಕಷಾಯ ಹೊಡೆದರೆ ಕಟ್ಟೆ ರೋಗ ವಾಸಿಯಾಗುತ್ತಾ ಅಂತ ಏಲಕ್ಕಿ ಬೆಳೆಯುವವರು ತುಂಬಾ ಜನ ಕೇಳುತ್ತಾರೆ. ಆಗಲ್ಲ. ಕಟ್ಟೆ ವೈರಸ್ ಒಮ್ಮೆ ಗಿಡದೊಳಗೆ ಹೋದ ಮೇಲೆ ಯಾವ ಬೀಜದ ರಸವೂ ಅದನ್ನು ಕೊಲ್ಲುವುದಿಲ್ಲ. ಆದರೂ ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ ನಾನು ಇದನ್ನು ಬಿಟ್ಟಿಲ್ಲ, ಯಾಕೆಂದರೆ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತುಕೊಂಡು ಹೋಗುವ ಗಿಡಹೇನಿನ (ಗಿಡದ ರಸ ಹೀರುವ ಸಣ್ಣ ಕೀಟ) ಸಂತತಿಯನ್ನು ಇದು ಕಡಿಮೆ ಮಾಡುತ್ತದೆ.

ಹೇನು ಎಲ್ಲಿರುತ್ತದೆ ಅಂತ ಮೊದಲು ನೋಡಿ. ಹಳೇ ಕಾಂಡದ ಒಣಗಿದ ಹೊದಿಕೆಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದರೆ, ಒಳಗಿನ ತೇವದಲ್ಲಿ ಕಂದು ಬಣ್ಣದ ಸಣ್ಣ ಹೇನುಗಳು ಗುಂಪಾಗಿ ಅಂಟಿಕೊಂಡಿರುತ್ತವೆ. ಮೇಲಿನ ಎಲೆಗೆ ಸುಮ್ನೆ ಸಿಂಪಡಿಸಿದರೆ ಅಲ್ಲಿಗೆ ಒಂದು ಹನಿಯೂ ತಲುಪಲ್ಲ. ಅದಕ್ಕೇ ನಾನು ಒಣಗಿದ ಹೊದಿಕೆಯನ್ನೆಲ್ಲ ತೆಗೆಸಿ, ಆಮೇಲೆ ಬುಡದ ಕಡೆಗೆ ಹೊಡೆಸುತ್ತೇನೆ.

ಬೇವಿನ ಬೀಜ ನಮ್ಮ ಮಳೆಯಲ್ಲಿ ಒಣಗಲ್ಲ, ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ತರಿಸುತ್ತೇನೆ. ನೆರಳಲ್ಲಿ ಒಣಗಿಸಿದ್ದು, ಅದೇ ವರ್ಷದ್ದು ಬೇಕು. ಗೋಣಿಚೀಲದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬೂಷ್ಟು ಬರುತ್ತದೆ.

ಸಿಪ್ಪೆ ತೆಗೆದ ಅರ್ಧ ಕೆಜಿ ತಿರುಳನ್ನು ಕುಟ್ಟಿ ಪುಡಿ ಮಾಡಿ, ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಎರಡು ಪದರದ ಬಟ್ಟೆಯಲ್ಲಿ ಸೋಸಬೇಕು. ಹಾಲಿನಂಥ ಬಿಳಿ ನೀರು ಬರುತ್ತದೆ, ಬೆಳ್ಳುಳ್ಳಿಯಂಥ ವಾಸನೆ. ಹಿಂಡಿಗೆ ಇನ್ನಷ್ಟು ನೀರು ಹಾಕಿ ಮತ್ತೆ ಮತ್ತೆ ಹಿಂಡಿ, ಒಟ್ಟು 10 ಲೀಟರ್ ಮಾಡಿಕೊಳ್ಳಿ. ಎಲೆಗೆ ಅಂಟಲಿ ಅಂತ ಸ್ವಲ್ಪ ಸೋಪಿನ ನೀರು ಸೇರಿಸಿ. ಕಷಾಯ ಅಂತ ಕರೆದರೂ ದಯವಿಟ್ಟು ಕುದಿಸಬೇಡಿ! ಬೇವಿನಲ್ಲಿ ಕೀಟಕ್ಕೆ ಕೆಲಸ ಮಾಡುವ ಅಂಶ ಅಜಾಡಿರಾಕ್ಟಿನ್, ಅದು ಬಿಸಿಗೂ ಬಿಸಿಲಿಗೂ ಹಾಳಾಗುತ್ತದೆ. ಹಾಗಾಗಿ ಅವತ್ತು ಸೋಸಿದ್ದು ಅವತ್ತೇ ಖಾಲಿಯಾಗಬೇಕು, ಅದೂ ಸಂಜೆ ಹೊತ್ತಲ್ಲಿ. ಏಲಕ್ಕಿ ಕಾಯಿ ಕಚ್ಚುವುದೇ ಜೇನಿನಿಂದ ಅಲ್ವಾ, ಸಂಜೆ ಹೊಡೆದರೆ ಅವಕ್ಕೂ ತೊಂದರೆ ಕಡಿಮೆ.

ಮಳೆಗಾಲದಲ್ಲಿ ಹೊಡೆದು ಪ್ರಯೋಜನವಿಲ್ಲ. ರೆಕ್ಕೆ ಬಂದ ಹೇನು ಜಾಸ್ತಿ ಓಡಾಡುವುದು ನವೆಂಬರ್‌ನಿಂದ ಮೇವರೆಗೆ, ನನ್ನ ಕೆಲಸವೂ ಆಗಲೇ.

ಇಷ್ಟೆಲ್ಲ ಮಾಡಿದರೂ ರೋಗದ ಗಿಡ ತೋಟದಲ್ಲೇ ಇದ್ದರೆ ಎಲ್ಲ ವ್ಯರ್ಥ. ಈ ವೈರಸ್ ಅಂಟಲು ಹೇನು ಗಂಟೆಗಟ್ಟಲೆ ರಸ ಹೀರಬೇಕಿಲ್ಲ, ಒಂದು ಗಿಡಕ್ಕೆ ಮೂತಿ ಚುಚ್ಚಿ ತಕ್ಷಣ ಪಕ್ಕದ ಗಿಡಕ್ಕೆ ಚುಚ್ಚಿದರೂ ಸಾಕು. ಬೇವು ಹೇನಿನ ಸಂತತಿ ಕಡಿಮೆ ಮಾಡುತ್ತದೆ, ಹಾರಿ ಬಂದ ಹೇನನ್ನು ಆ ಕ್ಷಣಕ್ಕೆ ತಡೆಯಲ್ಲ. ಆದ್ದರಿಂದ ಎಳೇ ಎಲೆ ನೋಡುತ್ತಾ ತೋಟ ಸುತ್ತಬೇಕು. ನಡುದಿಂಡಿನಿಂದ ಅಂಚಿನವರೆಗೆ ತುಂಡು ತುಂಡಾದ ತಿಳಿ ಹಸಿರು ಗೆರೆ ಕಂಡರೆ ಗೆಡ್ಡೆ ಸಮೇತ ಕಿತ್ತು ಹಾಕಿ. ಕಾಯಿ ಬಿಡುತ್ತಿರುವ ಗಿಡ ಕೀಳುವಾಗ ಹೊಟ್ಟೆ ಉರಿಯುತ್ತದೆ, ನಿಜ, ಆದರೆ ಬಿಟ್ಟರೆ ಸುತ್ತಲಿನವೂ ಹೋಗುತ್ತವೆ. ಹಳ್ಳದ ಬದಿಯ ಕಾಡುಕೆಸುವಿನಲ್ಲೂ ಇದೇ ಹೇನು ಬೆಳೆಯುತ್ತದೆ. ಕೆಸು ನಮಗೆಲ್ಲ ಇಷ್ಟ, ಆದರೂ ಏಲಕ್ಕಿ ಪಕ್ಕ ಅದು ಬೇಡ.

ಖಾಲಿಯಾದ ಜಾಗಕ್ಕೆ ಗುರುತಿಲ್ಲದ ತೋಟದ ಗೆಡ್ಡೆ ತರಬೇಡಿ, ಗೆಡ್ಡೆಯಲ್ಲಿ ರೋಗ ಬರುತ್ತದೆ. ಬೀಜದಲ್ಲಿ ಬರಲ್ಲ, ಹಾಗಾಗಿ ರೋಗದ ತೋಟದಿಂದ ದೂರದಲ್ಲಿ ಬೀಜದಿಂದ ಎಬ್ಬಿಸಿದ ಸಸಿ ನೆಡಬಹುದು. ಇಲ್ಲವೇ ನಮ್ಮ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದವರು ಕಟ್ಟೆ ತಡೆಯುವುದಕ್ಕೆಂದೇ ಕೊಟ್ಟ ವಿಜೇತ ತಳಿ ಇದೆ, ಅದನ್ನು ಕೇಳಿ ನೋಡಿ.