ಕೈ ಮೇಲಿರಲಿ, ಬಾಯಿ ತೆರೆದಿರಲಿ: ಸೆಂಟರ್ ಆಗಿ ನನ್ನ ಮೊದಲ ಸೀಸನ್

ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಸಂಬಳ ಪಡೆಯುವುದು ಅಂದರೆ ಹೆಚ್ಚಾಗಿ ಇಲಾಖೆ ತಂಡಗಳಲ್ಲಿ ಆಡುವುದು. ರೈಲ್ವೆ, ಸೇನೆ, ಆದಾಯ ತೆರಿಗೆ, ಬ್ಯಾಂಕು. ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತದೆ, ತಂಡಕ್ಕೆ ಆಡುವುದೂ ಆ ಕೆಲಸದ ಭಾಗವೇ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕ್ ತಂಡದ ಆಟ ನೋಡಿ ಬೆಳೆದವರು ತುಂಬ ಜನ ಇದ್ದಾರೆ. 2019ರಲ್ಲಿ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನಾನು ಕ್ರೀಡಾ ಹಾಸ್ಟೆಲ್‌ನಿಂದ ಬಂದವನು, ಎತ್ತರ ಆರಡಿ ಏಳಿಂಚು. 2023ರಲ್ಲಿ ಇಂಥದ್ದೇ ಒಂದು ತಂಡಕ್ಕೆ ಸೆಂಟರ್ ಆಗಿ, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರನಾಗಿ, ಸೇರಿದೆ. ಮೊದಲ ಸೀಸನ್‌ನಲ್ಲಿ ಏನೇನು ಕಲಿತೆ ಅಂತ ಎತ್ತರದ ಹುಡುಗರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಲೇಜು ಪಂದ್ಯಗಳಲ್ಲಿ ಎತ್ತರ ಒಂದಿದ್ದರೆ ಸಾಕು. ಬೋರ್ಡ್ ಕೆಳಗೆ ನಿಂತು ಕೈ ಎತ್ತಿದರೆ ಪಾಸ್ ಬರುತ್ತದೆ, ತಿರುಗಿ ಹಾಕಿದರೆ ಎರಡು ಪಾಯಿಂಟ್. ಸೀನಿಯರ್ ಮಟ್ಟದಲ್ಲಿ ಎದುರಿಗಿರುವವನೂ ನಿಮ್ಮಷ್ಟೇ ಎತ್ತರ. ನಿಮಗಿಂತ ಹತ್ತು ವರ್ಷ ಜಾಸ್ತಿ ಆಡಿದ್ದಾನೆ, ತೂಕವೂ ಜಾಸ್ತಿ. ಅಲ್ಲಿ ಹೊಸ ಸೆಂಟರ್ ಎಷ್ಟು ಪಾಯಿಂಟ್ ಹಾಕಿದ ಅನ್ನುವುದಕ್ಕಿಂತ ಎಷ್ಟು ಹೊತ್ತು ಅಂಗಳದಲ್ಲಿ ಉಳಿದ ಅನ್ನುವುದೇ ಮುಖ್ಯ. ನಾನು ಬೆಳೆದಿದ್ದೇನಾ ಇಲ್ಲವಾ ಅಂತ ಆ ಲೆಕ್ಕದಲ್ಲೇ ನೋಡಿಕೊಳ್ಳುತ್ತಿದ್ದೆ.

ಉಳಿಯುವುದು ಅಂದರೆ ಫೌಲ್ ಮಾಡದೆ ಇರುವುದು. ನಾವು ಆಡುವುದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ನಿಯಮದಲ್ಲಿ. ಪಂದ್ಯ 40 ನಿಮಿಷ, ಐದು ಫೌಲ್ ಆದರೆ ಹೊರಗೆ. ಚೆಂಡು ನಡೆಸುವ ಎದುರಾಳಿ ಗಾರ್ಡ್ ಒಬ್ಬ ತನ್ನನ್ನು ತಡೆಯುವ ಡಿಫೆಂಡರ್‌ನನ್ನು ದಾಟಿ ನುಗ್ಗಿದರೆ ಅವನ ಎದುರು ಕೊನೆಗೆ ಸಿಗುವವನು ಸೆಂಟರ್. ಹಾಗಾಗಿ ಫೌಲ್‌ಗಳು ನಮ್ಮ ಲೆಕ್ಕಕ್ಕೇ ಬರುವುದು ಜಾಸ್ತಿ. ಕೋಚ್ ಮೊದಲ ವಾರವೇ ಹೇಳಿದ್ದರು, "ಬ್ಲಾಕ್ ಮಾಡೋಕೆ ಹೋಗ್ಬೇಡಪ್ಪಾ. ಗೋಡೆ ಥರ ನಿಂತ್ಕೋ, ಸಾಕು." ಬ್ಲಾಕ್ ಅಂದರೆ ಎದುರಿನವನ ಶಾಟನ್ನು ಗಾಳಿಯಲ್ಲೇ ತಡೆಯುವುದು.

ಇದರ ಹಿಂದೆ ಒಂದು ನಿಯಮ ಇದೆ. ಆಟಗಾರ ನಿಂತಿರುವ ಜಾಗದ ನೇರ ಮೇಲಿನ ಗಾಳಿಯೂ ಅವನದೇ. ನೇರವಾಗಿ ಜಿಗಿದು, ಕೈ ನೇರವಾಗಿ ಮೇಲಿಟ್ಟರೆ, ಎದುರಿನವನು ಬಂದು ಡಿಕ್ಕಿ ಹೊಡೆದರೂ ಫೌಲ್ ನಿಮ್ಮದಲ್ಲ. ಕೈ ಸ್ವಲ್ಪ ಮುಂದೆ ಬಾಗಿತೋ, ಸೀಟಿ ಊದಿದ್ದೇ. ರಿಂಗ್ ಕೆಳಗಿನ 1.25 ಮೀಟರ್ ಅರ್ಧವೃತ್ತದೊಳಗೆ ನಿಂತರೆ ಚಾರ್ಜ್, ಅಂದರೆ ಡಿಕ್ಕಿ ಹೊಡೆದವನ ಮೇಲೆ ಫೌಲ್, ಸಿಗುವುದಿಲ್ಲ, ಆದರೆ ನೇರ ಜಿಗಿತಕ್ಕೆ ಅಲ್ಲೂ ರಕ್ಷಣೆ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು ರಿಂಗ್ ಹತ್ತಿರ ಸುಮ್ನೆ ಪಕ್ಕಕ್ಕೆ ಸರಿದು ಬಿಡುತ್ತಾರೆ.

ನಾನು ಅಭ್ಯಾಸ ಮಾಡಿದ್ದು ಹೀಗೆ. ಎರಡೂ ಕೈಯಲ್ಲಿ ಒಂದು ಚೆಂಡನ್ನು ತಲೆ ಮೇಲೆ ಎತ್ತಿ ಹಿಡಿದು ರಿಂಗ್ ಮುಂದೆ ನಿಲ್ಲುವುದು. ಗಾರ್ಡ್‌ಗಳು ಒಬ್ಬರಾದ ಮೇಲೊಬ್ಬರು ಲೇಅಪ್‌ಗೆ, ಅಂದರೆ ಓಡಿಬಂದು ರಿಂಗ್ ಹತ್ತಿರದಿಂದ ಹಾಕಲು, ಬರುತ್ತಾರೆ. ಚೆಂಡು ಕೆಳಗಿಳಿಸದೆ ಎದೆ ಕೊಟ್ಟು ಜಿಗಿಯಬೇಕು. ಕೈಯಲ್ಲಿ ಚೆಂಡಿರುವಾಗ ಬೀಸಿ ಹೊಡೆಯಲು ಆಗುವುದೇ ಇಲ್ಲ, ಅದೇ ಇದರ ಉಪಯೋಗ. ಆಮೇಲೆ ಚೆಂಡಿಲ್ಲದೆ ಅದನ್ನೇ ಮಾಡುವುದು. ಕೈಗಿಂತ ಕಷ್ಟ ಕಾಲಿನದು. ಬೇಗ ಹೋಗಿ ಎರಡೂ ಪಾದ ಊರಿ ನಿಂತಿದ್ದರೆ ಮಾತ್ರ ನೇರ ಜಿಗಿಯಬಹುದು. ತಡವಾಗಿ ಓಡಿ ಬಂದವನು ಮುಂದಕ್ಕೇ ಜಿಗಿಯುತ್ತಾನೆ.

ಬೇಗ ಹೋಗಬೇಕು ಅಂದರೆ ಏನಾಗಲಿದೆ ಅಂತ ಮೊದಲೇ ಗೊತ್ತಾಗಬೇಕು. ಅಲ್ಲಿಂದ ಬಾಯಿಯ ಕೆಲಸ ಶುರು. ಇಡೀ ಅಂಗಳ ಕಾಣುವುದು ಹಿಂದೆ ನಿಂತಿರುವ ಸೆಂಟರ್‌ಗೆ ಮಾತ್ರ. ನಮ್ಮ ಗಾರ್ಡ್ ಚೆಂಡಿನ ಮೇಲೆ ಕಣ್ಣಿಟ್ಟಿರುತ್ತಾನೆ, ತನ್ನ ಬೆನ್ನ ಹಿಂದೆ ಬರುವ ಸ್ಕ್ರೀನ್, ಅಂದರೆ ದಾರಿಗೆ ಅಡ್ಡ ನಿಲ್ಲುವ ಎದುರಾಳಿ, ಅವನಿಗೆ ಕಾಣುವುದಿಲ್ಲ. "ಸ್ಕ್ರೀನ್ ಲೆಫ್ಟ್!" ಅಂತ ನಾನು ಕೂಗದಿದ್ದರೆ ಅವನು ನೇರ ಹೋಗಿ ಗುದ್ದಿಕೊಳ್ಳುತ್ತಾನೆ. ನಾನು ಸ್ವಭಾವದಲ್ಲಿ ಮಾತು ಕಡಿಮೆ. ತಂಡದಲ್ಲಿ ಸೀನಿಯರ್‌ಗಳಿಗೆ ಅಣ್ಣ ಅಂತ ಕರೆಯುತ್ತಿದ್ದವನು ಅವರ ಮೇಲೇ ಕೂಗಬೇಕು ಅಂದರೆ ಹೇಗೆ? ಕೋಚ್ ಅದಕ್ಕೊಂದು ದಾರಿ ಮಾಡಿದರು. ನನ್ನ ದನಿ ಸೈಡ್‌ಲೈನ್‌ಗೆ ಕೇಳದಿದ್ದರೆ ಆ ಆಟ ಲೆಕ್ಕಕ್ಕಿಲ್ಲ, ಎಲ್ಲರೂ ಮತ್ತೆ ಮೊದಲಿನಿಂದ. ಐದಾರು ಸಲ ಹಾಗಾದ ಮೇಲೆ ಆ ಅಣ್ಣಂದಿರೇ "ಕೂಗೋ ಮಾರಾಯ" ಅಂದರು. ಸಂಕೋಚ ಅಲ್ಲಿಗೆ ಹೋಯಿತು.

ಅದೇ ಸೀಸನ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ವಿಕ್ಟರ್ ವೆಂಬನ್ಯಾಮಾ ಶುರು ಮಾಡಿದ್ದರು. ಏಳಡಿ ನಾಲ್ಕಿಂಚಿನ ಫ್ರೆಂಚ್ ಹುಡುಗ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ 2023ರ ಮೊದಲ ಆಯ್ಕೆ. ಅವರ ಪಂದ್ಯ ನಮಗೆ ಬೆಳಗಿನ ಹೊತ್ತು ಬರುತ್ತಿತ್ತು. ಅವರು ಸೇರಿದ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದ ಆಗಿನ ಕೋಚ್ ಗ್ರೆಗ್ ಪೊಪೊವಿಚ್, ವೆಂಬನ್ಯಾಮಾರನ್ನು ಮೊದಲು ಸೆಂಟರ್ ಆಗಿ ಆಡಿಸಲೇ ಇಲ್ಲ. ಸೆಂಟರ್ ಝ್ಯಾಕ್ ಕಾಲಿನ್ಸ್ ಪಕ್ಕದಲ್ಲಿ ಫಾರ್ವರ್ಡ್ ಆಗಿ ಇಟ್ಟರು. ಡಿಸೆಂಬರ್‌ನಲ್ಲಿ ಸೆಂಟರ್ ಜಾಗಕ್ಕೆ ತಂದ ಮೇಲೆ ಅವರ ಆಟವೇ ಬೇರೆಯಾಯಿತು. ತಂಡ ಸತತ 18 ಪಂದ್ಯ ಸೋತಿತ್ತು, ಸೀಸನ್ ಮುಗಿದಾಗ ಗೆದ್ದದ್ದು 22, ಸೋತದ್ದು 60. ಆದರೂ ಅವರು ಪಂದ್ಯಕ್ಕೆ 21.4 ಪಾಯಿಂಟ್, 10.6 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 3.6 ಬ್ಲಾಕ್ ಗಳಿಸಿ ವರ್ಷದ ಹೊಸ ಆಟಗಾರ ಪ್ರಶಸ್ತಿಗೆ ಎಲ್ಲರ ಮತವನ್ನೂ ಪಡೆದರು. ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಅಷ್ಟು ಬ್ಲಾಕ್ ಮಾಡಿಯೂ ಅವರ ಫೌಲ್ ಪಂದ್ಯಕ್ಕೆ ಮೂರು ದಾಟಲಿಲ್ಲ. ನಿಧಾನ ಮಾಡಿ ನೋಡಿದರೆ ಗೊತ್ತಾಗುತ್ತದೆ. ಎಷ್ಟೋ ಸಲ ಅವರು ಕಾಯುತ್ತಾರೆ. ಚೆಂಡು ಎದುರಿನವನ ಕೈಬಿಟ್ಟ ಮೇಲೆ ಜಿಗಿಯುತ್ತಾರೆ.

ಅವರ ಆಟವನ್ನು ಹಾಗೇ ನಕಲು ಮಾಡಲು ಆಗುವುದಿಲ್ಲ. ಎನ್‌ಬಿಎಯಲ್ಲಿ ಡಿಫೆಂಡರ್ ಯಾವ ಎದುರಾಳಿಯನ್ನೂ ತಡೆಯದೆ ಪೇಂಟ್‌ನಲ್ಲಿ, ಅಂದರೆ ರಿಂಗ್ ಮುಂದಿನ ಆಯತದೊಳಗೆ, ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಫಿಬಾದಲ್ಲಿ ಆ ನಿಯಮ ಇಲ್ಲ, ನಾವು ರಿಂಗ್ ಕೆಳಗೇ ಇರಬಹುದು. ಇನ್ನೊಂದು ವ್ಯತ್ಯಾಸವೂ ಇದೆ. ಶಾಟ್ ರಿಂಗ್‌ಗೆ ತಗುಲಿದ ಮೇಲೆ, ಚೆಂಡು ಇನ್ನೂ ರಿಂಗ್ ಮೇಲೆ ಕುಣಿಯುತ್ತಿದ್ದರೂ ಫಿಬಾದಲ್ಲಿ ಅದನ್ನು ತಳ್ಳಬಹುದು, ಎನ್‌ಬಿಎಯಲ್ಲಿ ತಳ್ಳುವಂತಿಲ್ಲ. ಟಿವಿ ನೋಡಿ ಕಲಿತ ನಮ್ಮ ಹುಡುಗರು ಕೈ ಕಟ್ಟಿಕೊಂಡು ಅದು ಬೀಳುವುದನ್ನು ನೋಡುತ್ತಾರೆ. ನಾನು ಈ ಒಂದು ನಿಯಮದಿಂದ ಎಷ್ಟೋ ಬುಟ್ಟಿ ತಪ್ಪಿಸಿದ್ದೇನೆ.

ರೀಬೌಂಡ್‌ಗೆ ಬಾಕ್ಸ್ ಔಟ್, ಅಷ್ಟೇ. ಶಾಟ್ ಎದ್ದ ತಕ್ಷಣ ಚೆಂಡು ನೋಡಬೇಡಿ, ನಿಮ್ಮವನನ್ನು ಹುಡುಕಿ, ಸೊಂಟ ಇಳಿಸಿ, ಬೆನ್ನು ಕೊಡಿ. ಸೇನೆ ತಂಡದ ಸೆಂಟರ್‌ಗಳ ಎದುರು ಆಡಿದರೆ ಸೊಂಟ ಎಷ್ಟು ಇಳಿಸಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಆಫೆನ್ಸ್‌ನಲ್ಲಿ ನನಗೆ ಸಿಕ್ಕ ಕೆಲಸ ಚಿಕ್ಕದು. ಗಟ್ಟಿ ಸ್ಕ್ರೀನ್ ಹಾಕು, ರಿಂಗ್ ಕಡೆ ಓಡು, ಕೈಗೆ ಬಂದರೆ ಹಾಕು. ಇದು ಸಣ್ಣ ಪಾತ್ರ ಅಂತ ಬೇಜಾರು ಮಾಡಿಕೊಳ್ಳುವವರು ಡೆರಿಕ್ ಲೈವ್ಲಿಯ ಆಟ ನೋಡಬೇಕು. ಅದೇ ವರ್ಷ 12ನೇ ಆಯ್ಕೆಯಾಗಿ ಬಂದ ಸೆಂಟರ್. ಗಾರ್ಡ್ ಲೂಕಾ ಡಾನ್ಸಿಚ್ ಜೊತೆ ಇಷ್ಟೇ ಕೆಲಸ ಮಾಡಿ, ಹೊಡೆದದ್ದರಲ್ಲಿ ಶೇ 70ಕ್ಕೂ ಹೆಚ್ಚು ಬುಟ್ಟಿಗೆ ಹಾಕಿದರು. ಮೊದಲ ವರ್ಷವೇ ಡಲ್ಲಾಸ್ ತಂಡದ ಜೊತೆ ಎನ್‌ಬಿಎ ಫೈನಲ್ ಆಡಿದರು. 2015ರಲ್ಲಿ ಅದೇ ಡಲ್ಲಾಸ್ ತಂಡ 52ನೇ ಆಯ್ಕೆಯಾಗಿ ತೆಗೆದುಕೊಂಡದ್ದು ಪಂಜಾಬಿನ ನಮ್ಮ ಸತ್ನಾಮ್ ಸಿಂಗ್ ಅವರನ್ನು. ಭಾರತದಲ್ಲಿ ಹುಟ್ಟಿದವರಲ್ಲಿ ಡ್ರಾಫ್ಟ್ ಆದ ಮೊದಲಿಗರು. ಎನ್‌ಬಿಎ ಪಂದ್ಯ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ದೊಡ್ಡ ಮೈಯ ಸೆಂಟರ್‌ಗಳನ್ನು ಆಟ ಮೂರು ಪಾಯಿಂಟ್ ಗೆರೆಯವರೆಗೆ ಎಳೆಯತೊಡಗಿದ ಕಾಲ ಅದು. ಅವರ ಹೆಸರು ಕೇಳಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಅವರು ಹೋಗಿದ್ದರಿಂದಲೇ ನನ್ನಂಥವರು ದೊಡ್ಡದಾಗಿ ಯೋಚಿಸಿದ್ದು.

ಸೀಸನ್ ಕೊನೆಗೆ ಬರುವಾಗ ನಾಲ್ಕನೇ ಕ್ವಾರ್ಟರ್‌ನಲ್ಲೂ ಕೋಚ್ ನನ್ನನ್ನು ಆಡಿಸುತ್ತಿದ್ದರು. ಫೌಲ್ ಉಳಿದಿರುತ್ತಿತ್ತು, ಅದಕ್ಕೆ.

ಈಗ ಅಭ್ಯಾಸ ಮಾಡುತ್ತಿರುವುದು ಒಂದು ಪಾಸ್. ಸ್ಕ್ರೀನ್ ಹಾಕಿ ಫ್ರೀ ಥ್ರೋ ಗೆರೆ ಹತ್ತಿರ ಚೆಂಡು ಹಿಡಿದಾಗ ಕಾರ್ನರ್‌ನ ಡಿಫೆಂಡರ್ ನನ್ನ ಕಡೆ ಬರುತ್ತಾನೆ. ಆಗ ಕಾರ್ನರ್‌ನಲ್ಲಿರುವ ನಮ್ಮ ಶೂಟರ್ ಒಂಟಿ. ಪಾಸ್ ಅವನ ಎದೆಮಟ್ಟಕ್ಕೆ ಹೋದರೆ ನೇರ ಹೊಡೆಯುತ್ತಾನೆ, ಮೊಣಕಾಲಿಗೆ ಹೋದರೆ ಬಗ್ಗಿ ಏಳುವಷ್ಟರಲ್ಲಿ ಡಿಫೆಂಡರ್ ವಾಪಸ್ ಬಂದಿರುತ್ತಾನೆ. ಬಲ ಕಾರ್ನರ್‌ಗೆ ಸಲೀಸಾಗಿ ಹೋಗುತ್ತಿದೆ. ಎಡಗೈಯಿಂದ ಎಡ ಕಾರ್ನರ್‌ಗೆ ಕಳಿಸುವುದನ್ನು ಈ ವಾರ ಶುರು ಮಾಡಿದ್ದೇನೆ.