ಕಂತು ಕಂತಾಗಿ ಬಿಟ್ಟ ಸವಾರಿ

ಅರವತ್ತು ದಾಟಿದ ಬೈಕ್ ಸವಾರನನ್ನು ಮನೆಯವರು, ನೆಂಟರು, ಡಾಕ್ಟರು ಎಲ್ಲರೂ ಕೇಳುವುದು ಒಂದೇ ಮಾತು: "ಗಾಡಿ ಯಾವಾಗ ಬಿಡ್ತೀರಿ?" ಇದನ್ನು ವರ್ಷಗಟ್ಟಲೆ ಕೇಳಿಸಿಕೊಂಡ ಮೇಲೆ ನಾನು ಕಂಡುಕೊಂಡ ದಾರಿ ಇಷ್ಟು. ಸವಾರಿಯನ್ನು ಒಂದೇ ದಿನ ಪೂರ್ತಿ ಬಿಡಬೇಕಿಲ್ಲ, ಪೂರ್ತಿ ಹಿಡಿದುಕೊಂಡು ಕೂರುವುದೂ ಬೇಡ. ಕಂತಿನಲ್ಲಿ ಬಿಡಬಹುದು. ಕಣ್ಣು ಹೇಳಿದಾಗ ರಾತ್ರಿಯ ಸವಾರಿ, ಮಂಡಿ ಹೇಳಿದಾಗ ಭಾರದ ಗಾಡಿ, ಪಾದ ಹೇಳಿದಾಗ ಕಾಲಿನ ಬ್ರೇಕು. ಯಾವುದನ್ನು ಬಿಡಬೇಕೋ ಅದನ್ನು ಸಮಯಕ್ಕೆ ಸರಿಯಾಗಿ ಬಿಟ್ಟಿದ್ದಕ್ಕೇ ಉಳಿದದ್ದು ನನ್ನ ಕೈಯಲ್ಲಿದೆ.

ನಾನು ಹುಟ್ಟಿದ್ದು 1957ರಲ್ಲಿ, ಮೈಸೂರಿನಲ್ಲಿ. ಪಶುಸಂಗೋಪನಾ ಇಲಾಖೆಯ ನೌಕರಿ. ಎಚ್.ಡಿ. ಕೋಟೆ, ಸರಗೂರು, ಅಂತರಸಂತೆ ಕಡೆಯ ಹಳ್ಳಿಗಳಿಗೆ ಲಸಿಕೆಯ ಐಸ್ ಡಬ್ಬವನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗುವುದು ಕೆಲಸ. ಕಾಲುಬಾಯಿ ಜ್ವರದ ಲಸಿಕೆ ಬಿಸಿಲಿಗೆ ಕೆಡಬಾರದೆಂದು ಬೆಳಗಾಗುವ ಮೊದಲೇ ಹೊರಡುತ್ತಿದ್ದೆವು. ಗಾಡಿ ಯೆಜ್ಡಿ. ನಮ್ಮೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ನನ್ನ ಜೊತೆ ನಿವೃತ್ತಿಯವರೆಗೂ ಬಂತು, ಈಗಲೂ ಇದೆ. ಆ ಗಾಡಿಯ ಮೇಲೆ ನನಗಿರುವ ಪ್ರೀತಿಯನ್ನು ಯಾರಿಗೂ ವಿವರಿಸಬೇಕೆಂದು ಅನಿಸಿಲ್ಲ. ಆದರೆ ಪ್ರೀತಿ ಇದೆ ಎಂದು ದೇಹ ಸುಮ್ಮನಿರುವುದಿಲ್ಲ.

ಮೊದಲ ಕಂತು ಕೇಳಿದ್ದು ಕಣ್ಣು. ಹಗಲಿನಲ್ಲಿ ಏನೂ ತೊಂದರೆ ಇರಲಿಲ್ಲ, ಬಸ್ಸಿನ ಬೋರ್ಡು ದೂರದಿಂದಲೇ ಓದುತ್ತಿದ್ದೆ. ಮುಸ್ಸಂಜೆ ಹುಣಸೂರು ರಸ್ತೆಯಲ್ಲಿ ಎದುರು ಬರುವ ಗಾಡಿಗಳ ದೀಪದ ಸುತ್ತ ಬೆಳಕು ಚೆದುರಲು ಶುರುವಾಯಿತು. ದೀಪ ದಾಟಿ ಹೋದ ಮೇಲೆ ರಸ್ತೆ ಮತ್ತೆ ಕಾಣಿಸಲು ಕ್ಷಣಗಳೇ ಬೇಕಾಗುತ್ತಿತ್ತು, ಅಷ್ಟರಲ್ಲಿ ಗಾಡಿ ಎಷ್ಟೋ ಮಾರು ಕುರುಡಾಗಿ ಓಡಿರುತ್ತಿತ್ತು. ಕಣ್ಣಿನ ಪೊರೆ ಎಂದರು. ಅವತ್ತಿನಿಂದಲೇ ಕತ್ತಲಾದ ಮೇಲೆ ಗಾಡಿ ತೆಗೆಯುವುದನ್ನು ನಿಲ್ಲಿಸಿದೆ.

ಶಸ್ತ್ರಚಿಕಿತ್ಸೆಗೆ ಹೋಗುವ ಸವಾರರು ಕಣ್ಣಿನ ಡಾಕ್ಟರಿಗೆ ಎರಡು ಸಂಗತಿ ತಾವಾಗಿಯೇ ಹೇಳಬೇಕು. ಒಂದು, ನಾನು ಬೈಕ್ ಓಡಿಸುತ್ತೇನೆ ಎಂಬುದು. ಕಣ್ಣೊಳಗೆ ಹಾಕುವ ಮಸೂರದಲ್ಲಿ ಹಲವು ಬಗೆ. ದೂರಕ್ಕೂ ಹತ್ತಿರಕ್ಕೂ ಒಂದೇ ಮಸೂರ ಸಾಕು ಎನ್ನುವ ಮಲ್ಟಿಫೋಕಲ್ ಹಾಕಿಸಿಕೊಂಡ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆ ಕಾಣಿಸುವುದುಂಟು. ನಾನು ದೂರದ ನೋಟಕ್ಕೆ ಹೊಂದಿಸಿದ ಸಾಮಾನ್ಯ ಮಸೂರವನ್ನೇ ಕೇಳಿ ಹಾಕಿಸಿಕೊಂಡೆ. ಪೇಪರ್ ಓದಲು ಕನ್ನಡಕ ಬೇಕು, ಬೇಕಾದರೆ ಬೇಕು. ಇನ್ನೊಂದು, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುವವರು ಅದನ್ನು ಮುಚ್ಚಿಡಬಾರದು. ಆ ಮಾತ್ರೆ ಕಣ್ಣಿನ ಪಾಪೆಯ ಸುತ್ತಲ ಸ್ನಾಯುವನ್ನು ಸಡಿಲ ಮಾಡುತ್ತದೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ತೊಡಕಾಗಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ತಯಾರಾಗಿರುತ್ತಾರೆ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಎಂದು ಬಹಳ ಜನ ಹೇಳುವುದೇ ಇಲ್ಲ.

ಎರಡೂ ಕಣ್ಣು ಆದ ಮೇಲೆ ನೋಟ ತೊಳೆದಂತಾಯಿತು. ಬಣ್ಣಗಳು ಮರಳಿ ಬಂದವು. ಮಗಳು, "ಅಪ್ಪಾ, ಇನ್ನು ರಾತ್ರೀನೂ ಓಡಿಸ್ಬಹುದಲ್ವಾ?" ಎಂದಳು. ಓಡಿಸಲಿಲ್ಲ. ವಯಸ್ಸಾದಂತೆ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ, ಒಳಗೆ ಹೋಗುವ ಬೆಳಕೇ ಕಡಿಮೆ, ಝಳಪಿನಿಂದ ಚೇತರಿಸಿಕೊಳ್ಳಲೂ ಹೊತ್ತು ಬೇಕು. ಮಸೂರ ಹೊಸದಾದರೂ ಅದರ ಹಿಂದಿನ ಪರದೆ ನನ್ನ ವಯಸ್ಸಿನದೇ. ಸಕ್ಕರೆ ಕಾಯಿಲೆ ಇರುವುದರಿಂದ ಆ ಪರದೆಯನ್ನು ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ಪರೀಕ್ಷೆ ಮಾಡಿಸುತ್ತೇನೆ. ಹನಿ ಹಾಕಿದ ದಿನ ಆಟೋದಲ್ಲೇ ಹೋಗಿ ಬರುವುದು.

ಮಂಡಿಯ ವಿಚಾರ ಬೇರೆ. ಯೆಜ್ಡಿ ಗೊತ್ತಿರುವವರಿಗೆ ಗೊತ್ತು, ಅದರಲ್ಲಿ ಗೇರ್ ಕಡ್ಡಿಯೇ ಕಿಕ್ಕರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಅದು ಇರುವುದು ಎಡಗಡೆ, ನನ್ನ ಸವೆದ ಮಂಡಿಯೂ ಎಡಗಡೆಯದೇ. ಸೀಟಿನ ಮೇಲೆ ಕುಳಿತು ಎಡಗಾಲಲ್ಲಿ ಒದೆಯುವುದನ್ನು ಬಿಟ್ಟು, ಸ್ಟ್ಯಾಂಡ್ ಹಾಕಿ ಪಕ್ಕದಲ್ಲಿ ನಿಂತು ಬಲಗಾಲಲ್ಲಿ ಒದೆಯುವುದನ್ನು ರೂಢಿ ಮಾಡಿಕೊಂಡೆ. ಅದಕ್ಕಿಂತ ದೊಡ್ಡ ಪರಿಹಾರ ಸಿಕ್ಕಿದ್ದು ಮೆಕ್ಯಾನಿಕ್ ಹತ್ತಿರ. ಹತ್ತು ಸಲ ಒದ್ದರೂ ಏಳದ ಗಾಡಿಯನ್ನು ಹರೆಯದಲ್ಲಿ ಸಹಿಸಬಹುದು. ಈಗ ಒಂದು ಒದೆತಕ್ಕೆ ಏಳಲೇಬೇಕು. ಪ್ಲಗ್‌ಗೆ ಕಿಡಿ ಕಳಿಸುವ ಪಾಯಿಂಟಿನ ಸಂದು 0.4 ಮಿ.ಮೀ. ಇದೆಯೇ, ಪ್ಲಗ್ ಒಣಗಿದೆಯೇ, ಕಾರ್ಬುರೇಟರ್‌ನಲ್ಲಿ ಕಸ ಇಲ್ಲವೇ ಎಂದು ಮೊದಲಿಗಿಂತ ಪದೇ ಪದೇ ನೋಡಿಸುತ್ತೇನೆ. ಕ್ಲಚ್ ಕೇಬಲ್ ಬದಲಿಸಿ ಎಣ್ಣೆ ಬಿಡಿಸಿದ ಮೇಲೆ ಎಡಗೈ ಬೆರಳಿನ ಜೋಮೂ ಅರ್ಧ ಇಳಿಯಿತು.

ಗಾಡಿ ಓಡುವಾಗ ಮಂಡಿ ಅಷ್ಟಾಗಿ ನೋಯುವುದಿಲ್ಲ. ಕಷ್ಟವೆಲ್ಲ ನಿಂತಾಗ, ತಳ್ಳುವಾಗ, ತಿರುಗಿಸುವಾಗ. ಆದ್ದರಿಂದ ನಿಲ್ಲಿಸುವ ಜಾಗವನ್ನು ಹೊರಡುವಾಗಲೇ ಯೋಚಿಸುತ್ತೇನೆ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಬಾರದು, ವಾಪಸ್ ಎಳೆಯುವಾಗ ಇಡೀ ಗಾಡಿಯ ಭಾರ ಮಂಡಿಗೂ ಸೊಂಟಕ್ಕೂ ಬೀಳುತ್ತದೆ. ದೇವರಾಜ ಮಾರುಕಟ್ಟೆಯ ಹತ್ತಿರ ಗಾಡಿಗಳ ಸಂದಿಯಲ್ಲಿ ತುರುಕುವ ಬದಲು ಸ್ವಲ್ಪ ದೂರ ನಿಲ್ಲಿಸಿ ನಡೆಯುತ್ತೇನೆ. ಸ್ಟ್ಯಾಂಡ್ ಹಾಕಲು ತೋಳಿನ ಬಲ ಬೇಡ: ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟುವಂತೆ ಗಾಡಿಯನ್ನು ನೆಟ್ಟಗೆ ಹಿಡಿದು, ಮೈಭಾರವನ್ನೆಲ್ಲ ಸ್ಟ್ಯಾಂಡಿನ ಕಡ್ಡಿಯ ಮೇಲೆ ಬಿಟ್ಟರೆ ಅದು ತಾನಾಗಿ ಹಿಂದೆ ಏರುತ್ತದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಬಹಳ ಸರಳ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ ಹಿಡಿದುಕೊಳ್ಳುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಸಿಗ್ನಲ್‌ನಲ್ಲಿ ಒಂದು ಕಾಲೂರಿ ಗಾಡಿ ಹಿಡಿಯುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಿದ್ದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಪಾದ. ಸಕ್ಕರೆ ಕಾಯಿಲೆ ಹಳೆಯದಾದಂತೆ ನರಗಳು ಕಾಲ್ಬೆರಳ ತುದಿಯಿಂದ ಮಂಕಾಗುತ್ತಾ ಬರುತ್ತವೆ. ಕ್ಲಿನಿಕ್ಕಿನಲ್ಲಿ ಸಣ್ಣ ನೈಲಾನ್ ಎಳೆಯಿಂದ ನನಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಅಂಗಾಲು ಮುಟ್ಟಿ, "ಈಗ ಮುಟ್ಟಿದ್ದು ಗೊತ್ತಾಯ್ತಾ?" ಎಂದು ಕೇಳಿದರು. ಬಲಗಾಲಿನ ಬೆರಳುಗಳಲ್ಲಿ ಕೆಲವು ಕಡೆ ಗೊತ್ತಾಗಲಿಲ್ಲ. ಡಾಕ್ಟರು ಅದನ್ನು ಕಾಗದದ ಮೇಲೆ ಗುರುತು ಹಾಕುತ್ತಿದ್ದರೆ ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಹಿಂದಿನ ಬ್ರೇಕು ಇರುವುದು ಬಲಗಾಲಿಗೆ. ಎಷ್ಟು ಒತ್ತುತ್ತಿದ್ದೇನೆ ಎಂದು ಅಂಗಾಲು ಹೇಳದಿದ್ದರೆ ಬ್ರೇಕು ಹಿಡಿಯುವುದು ಅಂದಾಜಿನ ಕೆಲಸವಾಗಿಬಿಡುತ್ತದೆ.

ದಿನನಿತ್ಯದ ಓಡಾಟಕ್ಕೆ ಸ್ಕೂಟರ್ ತಂದದ್ದು ಈ ಕಾರಣಕ್ಕೆ. ಈಗಿನ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಚಕ್ರದ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇರುತ್ತದೆ, 2019ರಿಂದ ಹೊಸ ಗಾಡಿಗಳಿಗೆ ಅದು ಕಡ್ಡಾಯ. ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ಅದು ಕಾಲಿನ ಪೆಡಲ್‌ಗೆ ಜೋಡಿಸಿರುತ್ತದೆ, ಆಕ್ಟಿವಾದಂಥ ಸ್ಕೂಟರಿನಲ್ಲಿ ಎಡಗೈಯ ಲಿವರ್‌ಗೆ. ನನ್ನ ಕೈಗಳು ಚೆನ್ನಾಗಿವೆ. ಸೆಲ್ಫ್ ಸ್ಟಾರ್ಟ್ ಇದೆ, ಗೇರ್ ಇಲ್ಲ. ಸ್ಕೂಟರ್ ಮನೆಗೆ ತಂದ ದಿನ ಮನಸ್ಸಿಗೆ ಬಹಳ ಕಷ್ಟವಾಯಿತು ಎಂಬುದೂ ನಿಜ. ಜೀವನವಿಡೀ ತೊಡೆಗಳ ನಡುವೆ ಟ್ಯಾಂಕ್ ಹಿಡಿದು ಕುಳಿತವನಿಗೆ ಅಲ್ಲಿ ಏನೂ ಇಲ್ಲದಿರುವುದು ಒಗ್ಗಲು ತಿಂಗಳುಗಳು ಬೇಕು. ಚಕ್ರವೂ ಚಿಕ್ಕದು, ಹಿಂದಿನದು ಹತ್ತೇ ಇಂಚು. ಯೆಜ್ಡಿ ಹತ್ತಿ ಇಳಿದುಬಿಡುವ ಗುಂಡಿಯಲ್ಲಿ ಇದು ಕುಪ್ಪಳಿಸುತ್ತದೆ. ಹೀಗಾಗಿ ಮೊದಲು ಹತ್ತಿರದ ದಾರಿ ನೋಡುತ್ತಿದ್ದವನು ಈಗ ಒಳ್ಳೆ ಡಾಂಬರಿನ ದಾರಿ ನೋಡುತ್ತೇನೆ.

ಯೆಜ್ಡಿ ಭಾನುವಾರ ಬೆಳಗ್ಗೆ ಮಾತ್ರ, ವರುಣಾ ಕೆರೆಯ ಕಡೆಗೋ ನಂಜನಗೂಡಿನ ಕಡೆಗೋ. ಅದಕ್ಕೂ ಒಂದು ಷರತ್ತಿದೆ. ಪಾದದ ಪರೀಕ್ಷೆಯಲ್ಲಿ ಟ್ಯೂನಿಂಗ್ ಫೋರ್ಕ್, ಅಂದರೆ ತಟ್ಟಿದರೆ ಕಂಪಿಸುವ ಲೋಹದ ಕವೆ, ಕೂಡ ಇಡುತ್ತಾರೆ. ಅದರ ಕಂಪನ ಕಣಕಾಲಿನಲ್ಲೂ ಗೊತ್ತಾಗದ ವರ್ಷ ಯೆಜ್ಡಿ ನಿಲ್ಲುತ್ತದೆ ಎಂದು ಡಾಕ್ಟರ ಎದುರಿಗೇ ಒಪ್ಪಿಕೊಂಡಿದ್ದೇನೆ. ಇನ್ನೊಂದು ವಿಚಾರ ಪಾದ ಮಂಕಾದ ಸವಾರರೆಲ್ಲ ಗಮನಿಸಬೇಕು. ಯೆಜ್ಡಿಗೆ ಎರಡೂ ಕಡೆ ಸೈಲೆನ್ಸರ್. ಸ್ಪರ್ಶ ಇಲ್ಲದ ಕಾಲು ಅದಕ್ಕೆ ತಾಗಿ ಸುಟ್ಟರೂ ಗೊತ್ತಾಗದೇ ಇರಬಹುದು, ಸಕ್ಕರೆ ಇರುವವರಿಗೆ ಆ ಗಾಯ ಹುಣ್ಣಾಗಿ ಬೆರಳು ತೆಗೆಸುವವರೆಗೂ ಹೋಗಬಹುದು. ಚಪ್ಪಲಿ ಹಾಕಿಕೊಂಡು ಗಾಡಿ ಹತ್ತುವುದು ಪೂರ್ತಿ ನಿಂತಿದೆ. ಕಣಕಾಲು ಮುಚ್ಚುವ ಚರ್ಮದ ಶೂ, ಆದರೆ ಅಡಿ ತೀರ ದಪ್ಪ ಇರದ್ದು, ಪೆಡಲ್ಲಿನ ಅರಿವು ಇನ್ನಷ್ಟು ಹೋಗಬಾರದಲ್ಲ. ಮಲಗುವ ಮುನ್ನ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳುತ್ತೇನೆ.

ಸಕ್ಕರೆ ಏರುವುದು ನಿಧಾನದ ಶತ್ರು. ಗಾಡಿಯ ಮೇಲೆ ತಕ್ಷಣದ ಅಪಾಯ ಇರುವುದು ಸಕ್ಕರೆ ಇಳಿಯುವುದರಲ್ಲಿ. ನಾನು ಗ್ಲಿಮೆಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಭಯ ಕಡಿಮೆ, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದವರು ಎಚ್ಚರದಿಂದಿರಬೇಕು. ಖಾಲಿ ಹೊಟ್ಟೆಯಲ್ಲಿ ಹೊರಟು ಮದ್ದೂರಿನಲ್ಲಿ ವಡೆ, ಕಾಫಿ ಎನ್ನುವುದು ನಮ್ಮ ಗುಂಪಿನ ಹಳೆಯ ಪದ್ಧತಿ. ಈಗ ನಾನು ಮನೆಯಲ್ಲೇ ತಿಂದು ಹೊರಡುತ್ತೇನೆ. ಹೊರಡುವ ಮುನ್ನ ಬೆರಳು ಚುಚ್ಚಿ ನೋಡಿದಾಗ 90ಕ್ಕಿಂತ ಕಡಿಮೆ ಬಂದರೆ ಕೀಲಿ ಮುಟ್ಟುವುದಿಲ್ಲ. ದಾರಿಯಲ್ಲಿ ಬೆವರು, ಕೈ ನಡುಕ, ಕಾರಣವಿಲ್ಲದ ಸಿಟ್ಟು ಬಂದರೆ ಪಕ್ಕಕ್ಕೆ ನಿಲ್ಲಿಸಿ ಮೊದಲು ಗ್ಲೂಕೋಸ್. ಅದು ಡಿಕ್ಕಿಯಲ್ಲಿ ಇರಬಾರದು, ಅಂಗಿಯ ಜೇಬಿನಲ್ಲೇ ಇರಬೇಕು. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಸಕ್ಕರೆ ಸರಿಹೋದ ಮೇಲೂ ಮುಕ್ಕಾಲು ಗಂಟೆ ಕೂರಬೇಕೆಂದು ಡಾಕ್ಟರು ಹೇಳಿದ್ದಾರೆ, ಯಾಕೆಂದರೆ ಮೆದುಳು ರಕ್ತಕ್ಕಿಂತ ತಡವಾಗಿ ಸರಿಹೋಗುತ್ತದೆ. ಬಿ.ಪಿ.ಗೆ ಬೀಟಾ ಬ್ಲಾಕರ್ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಮರೆಯಾಗಿ ಸೂಚನೆಯೇ ಸಿಗದಿರಬಹುದು. ಯಾವುದೇ ಹೊಸ ಮಾತ್ರೆ ಬರೆದಾಗ ನಾನು ಕೇಳುವ ಪ್ರಶ್ನೆ ಒಂದೇ, "ಇದನ್ನ ತಗೊಂಡು ಗಾಡಿ ಓಡಿಸ್ಬಹುದಾ, ಡಾಕ್ಟ್ರೇ?" ನೆಗಡಿಗೆ ಕೊಡುವ ಸೆಟ್ರಿಜಿನ್ ಕೂಡ ತೂಕಡಿಕೆ ತರುತ್ತದೆ.

ಕುತ್ತಿಗೆ ಪೂರ್ತಿ ತಿರುಗುವುದಿಲ್ಲ, ಅದಕ್ಕೆ ಅಗಲದ ಕನ್ನಡಿ ಹಾಕಿಸಿದ್ದೇನೆ, ಹೆಲ್ಮೆಟ್ ಹಗುರದ್ದು, ಐಎಸ್‌ಐ ಗುರುತಿನದು. ನೀರು ಕುಡಿದರೆ ಪದೇ ಪದೇ ನಿಲ್ಲಿಸಬೇಕೆಂದು ನೀರು ಬಿಡುವುದು ತಪ್ಪು, ತಲೆಸುತ್ತು ಬರುತ್ತದೆ. ನಿಲ್ಲಿಸಿದರಾಯಿತು. ಬೆಂಗಳೂರಿಗೆ ರೈಲು. 2023ರ ಆಗಸ್ಟ್‌ನಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯ ಉಬ್ಬುತಗ್ಗು ನನ್ನ ಸೊಂಟಕ್ಕೆ ಬೇಡ.

ಹಿಂದೆ ಕೂರಿಸಿಕೊಳ್ಳುವುದನ್ನು ಬಿಡಲು ತೀರ್ಮಾನಿಸಿದ್ದು ನಮ್ಮನೆಯವರು. ಅವರು ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವವರು. ಗಾಡಿ ನಿಂತಾಗ ಆ ಭಾರವೆಲ್ಲ ಎಡಕ್ಕೆ, ಅಂದರೆ ನನ್ನ ಕೆಟ್ಟ ಮಂಡಿಗೆ. ಒಂದು ದಿನ ಅಗ್ರಹಾರದ ಸಿಗ್ನಲ್ ದಾಟಿದ ಮೇಲೆ ಅವರೇ ಹೇಳಿದರು: "ರೀ, ನಿಮ್ಮ ಕಾಲು ನಡುಗೋದು ನಂಗೆ ಹಿಂದೆ ಗೊತ್ತಾಗುತ್ತೆ. ಇನ್ಮೇಲೆ ನಾನು ಬಸ್ಸಲ್ಲಿ ಬರ್ತೀನಿ." ಶಕ್ತಿ ಯೋಜನೆ ಬಂದ ಮೇಲೆ ನಂಜನಗೂಡಿಗೆ ಅವರು ಸರ್ಕಾರಿ ಬಸ್ಸಿನಲ್ಲಿ, ನಾನು ಗಾಡಿಯಲ್ಲಿ. ದೇವಸ್ಥಾನದ ಮುಂದೆ ಸೇರುತ್ತೇವೆ. ಹಿಂದಿನ ಸೀಟು ಖಾಲಿ ಇರುವುದು ಇವತ್ತಿಗೂ ನನಗೆ ಅಭ್ಯಾಸವಾಗಿಲ್ಲ.

ಇಷ್ಟೆಲ್ಲ ಆದರೂ ನಮ್ಮ ಓಡಿಸುವಿಕೆ ನಮಗೆ ಪೂರ್ತಿ ಕಾಣುವುದಿಲ್ಲ. ಅದಕ್ಕಾಗಿ ವರ್ಷಕ್ಕೊಮ್ಮೆ ಮಗಳು ತನ್ನ ಗಾಡಿಯಲ್ಲಿ ನನ್ನ ಹಿಂದೆ ಬರುತ್ತಾಳೆ. ಮಾತಿಲ್ಲ, ಸನ್ನೆಯಿಲ್ಲ, ಸುಮ್ಮನೆ ನೋಡುವುದು. ಇಂಡಿಕೇಟರ್ ತಡವಾಯಿತೇ, ತಿರುವಿನಲ್ಲಿ ಅಗಲಕ್ಕೆ ಹೋದೆನೇ, ಬ್ರೇಕ್ ದೀಪ ಕಾರಣವಿಲ್ಲದೆ ಹೊತ್ತಿತೇ, ಹಾರ್ನ್ ಕೇಳಿಸಿತೇ. ಮನೆಗೆ ಬಂದ ಮೇಲೆ ಎಲ್ಲವನ್ನೂ ಹೇಳುತ್ತಾಳೆ. ನಾನು ವಾದ ಮಾಡುವುದಿಲ್ಲ ಎಂಬ ಕರಾರಿನ ಮೇಲೆ ಅವಳು ಇದಕ್ಕೆ ಒಪ್ಪಿದ್ದು. ಹೋದ ಸಲ ಅವಳು ಹೇಳಿದ್ದು: "ಎಲ್ಲಾ ಸರಿ ಇದೆ ಅಪ್ಪಾ, ಒದ್ದೆ ರಸ್ತೇಲಿ ಮಾತ್ರ ನೀವು ಬಿಗಿಯಾಗ್ತೀರ." ಮಳೆಗಾಲದ ಸವಾರಿಯ ಕಂತು ಕಟ್ಟಿದ್ದು ಹಾಗೆ.

ಐವತ್ತೈದು ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ನಮೂನೆ 1ಎ ಎಂಬ ವೈದ್ಯರ ಪ್ರಮಾಣಪತ್ರ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲರೇ ಎಂಬ ಪ್ರಶ್ನೆ ಅದರಲ್ಲಿದೆ. ಆ ಪರೀಕ್ಷೆಯನ್ನು ನಮ್ಮ ಬೀದಿಯಲ್ಲಿ ಹೆಜ್ಜೆ ಅಳೆದು ನಾನೇ ಆಗಾಗ ಮಾಡಿಕೊಳ್ಳುತ್ತೇನೆ. ನನ್ನ ಮುಂದಿನ ನವೀಕರಣ 2027ರಲ್ಲಿ. ಮಗಳು ಹಿಂದೆ ಬಂದು ನೋಡಿ ಆಗಬಹುದು ಎಂದರೆ ಡಾಕ್ಟರ ಹತ್ತಿರ 1ಎ ತುಂಬಿಸುತ್ತೇನೆ. ಬೇಡ ಎಂದರೆ ಯೆಜ್ಡಿಯನ್ನು ಅವಳ ಹೆಸರಿಗೆ ಮಾಡಲು ನಮೂನೆ 29 ಮತ್ತು 30. ಒಂದೇ ಒದೆತಕ್ಕೆ ಎಬ್ಬಿಸುವುದನ್ನು ಅವಳಿಗೆ ಈಗಲೇ ಕಲಿಸುತ್ತಿದ್ದೇನೆ.